ಬಾಗವಾನ ಸಾಹೇಬರ ಎಂಟು ಮೆಗಾಬೈಟು

ಕಂಪ್ಯೂಟರ್ ಕೋಣೆಗೆ ನಾವೆಲ್ಲ ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ಬಾಗವಾನ ಸಾಹೇಬರೂ ಬಿಡುತ್ತಿದ್ದರು. ಆದರೆ ನಾವು ಒಳಗೆ ಕಾಲಿಟ್ಟೊಡನೆ ಗರ್ಭಗುಡಿಯ ಮುಂದೆ ನಿಂತವರಂತೆ ದನಿ ತಗ್ಗಿಸಿದರೆ, ಅವರು ಬಾಗಿಲಿನಿಂದಲೇ ಯಂತ್ರಕ್ಕೆ ಬೈಗುಳದ ಸುಪ್ರಭಾತ ಹಾಡುತ್ತಿದ್ದರು.

"ಎದ್ದೇನ್ಲೇ ಹೊಟ್ಟಿಬಾಕಾ? ನಿನ್ನೆ ನುಂಗಿದ್ದು ಕರಗೇತೇನ?"

ಆಮೇಲೆ ಡಿಸ್ಕ್ ಇದ್ದ ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಒತ್ತಿ ಕಣ್ಣು ಮುಚ್ಚುತ್ತಿದ್ದರು. ಸಂತೆಯಲ್ಲಿ ಎಮ್ಮೆ ಕೊಳ್ಳಲು ಬಂದವನು ಅದರ ಹೊಟ್ಟೆ ಮುಟ್ಟಿ ನೋಡುವ ಹಾಗೆ. ಒಂದು ನಿಮಿಷ ಕಳೆದ ಮೇಲೆ ಆ ದಿನದ ಭವಿಷ್ಯ ಹೊರಬೀಳುತ್ತಿತ್ತು: "ಹನ್ನೊಂದರ ತನಕ ಚಲೋ ಓಡತೈತಿ. ಆಮ್ಯಾಲ ವಾಂತಿ."

ನಾನು ಮೊದಲ ದಿನದಿಂದಲೇ ಈ ಭವಿಷ್ಯಗಳನ್ನು ಡೈರಿಯಲ್ಲಿ ಬರೆದಿಟ್ಟೆ. ಅವರನ್ನು ಸುಳ್ಳುಮಾಡಬೇಕೆಂಬ ಆಸೆ ಇತ್ತು. ಮೊದಲ ಎರಡು ತಿಂಗಳಲ್ಲಿ ನಲವತ್ತಾರು ಭವಿಷ್ಯ, ಮೂವತ್ತೊಂಬತ್ತು ನಿಜ. ಆ ಆಸೆಯನ್ನು ಅಲ್ಲಿಗೇ ಬಿಟ್ಟೆ, ಬರೆಯುವುದನ್ನು ಬಿಡಲಿಲ್ಲ.

ನಾನು ಬಂಬೈಯ ಗೋರೆಗಾಂವಿನ ಆ ಆಫೀಸಿಗೆ ಸೇರಿದ್ದು ೧೯೮೯ರ ಜೂನ್ ಹನ್ನೆರಡು, ಸೋಮವಾರ. ಔಷಧಿ ಅಂಗಡಿಗಳಿಗೆ ಮಾಲು ಒದಗಿಸುವ ಕಂಪನಿ. ದಿನವಿಡೀ ಅಂಗಡಿಗಳಿಂದ ಫೋನು ಬರುತ್ತಿತ್ತು. ಹನ್ನೆರಡು ಮಂದಿ ಹೆಂಗಸರು ಹನ್ನೆರಡು ಟರ್ಮಿನಲ್ಲುಗಳ ಮುಂದೆ ಕೂತು ಆರ್ಡರುಗಳನ್ನು ಟೈಪು ಮಾಡುತ್ತಿದ್ದರು. ಹನ್ನೆರಡೂ ಟರ್ಮಿನಲ್ಲಿನ ತಂತಿಗಳು ಗೋಡೆ ತೂರಿಕೊಂಡು ಒಳಕೋಣೆಯ ಒಂದೇ ಯೂನಿಕ್ಸ್ ಯಂತ್ರಕ್ಕೆ ಬಂದು ಸೇರುತ್ತಿದ್ದವು. ಅದರ ಮೆಮೊರಿ ಎಂಟು ಮೆಗಾಬೈಟು. ಆ ಕೋಣೆಯಲ್ಲಿ ಇಬ್ಬರು: ಪ್ರೊಬೇಷನ್ನಿನ ಮೇಲಿದ್ದ ಪ್ರೋಗ್ರಾಮರ್ ನಾನು, ಆಪರೇಟರ್ ಇಮಾಮಸಾಬ್ ಬಾಗವಾನ.

ಅವರ ಊರು ವಿಜಾಪುರದ ಹತ್ತಿರ. ಮನೆತನದ ಕಸುಬು ಹಣ್ಣಿನ ವ್ಯಾಪಾರ. ಅಣ್ಣಂದಿರಿಬ್ಬರು ಬೈಕುಲ್ಲಾದಲ್ಲಿ ಅದನ್ನೇ ನಡೆಸುತ್ತಿದ್ದರು. ಇವರು ಮಾತ್ರ ಹರೆಯದಲ್ಲಿ ಒಂದು ಮಿಲ್ಲಿನ ಪಂಚ್ ಕಾರ್ಡ್ ವಿಭಾಗಕ್ಕೆ ಸೇರಿಕೊಂಡು, ಅಲ್ಲಿಂದ ಯಂತ್ರ ಬದಲಾದ ಹಾಗೆಲ್ಲ ತಾವೂ ಬದಲಾಗುತ್ತ ಯೂನಿಕ್ಸಿನ ತನಕ ಬಂದಿದ್ದರು. ಐವತ್ತೆರಡು ವರ್ಷ, ಮೆಹಂದಿ ಹಚ್ಚಿದ ಗಡ್ಡ, ಮೇ ತಿಂಗಳಲ್ಲೂ ತೋಳಿಲ್ಲದ ಸ್ವೆಟರು. ಅಣ್ಣಂದಿರ ಜೊತೆ ದಖನಿ, ನನ್ನ ಜೊತೆ ವಿಜಾಪುರದ ಕನ್ನಡ, ಮ್ಯಾನೇಜರ ಜೊತೆ ಬಂಬೈ ಹಿಂದಿ, ಯಂತ್ರದ ಜೊತೆ ಮೂರರಲ್ಲೂ ಇರುವ ಕೆಟ್ಟ ಮಾತುಗಳು. ನನ್ನ ಮೈಸೂರಿನ ಕಿವಿಗೆ ಮೊದಲ ವಾರ ಕಷ್ಟವಾಯಿತು. ಯಂತ್ರಕ್ಕೆ ಯಾಕೆ ಹೀಗೆ ಬೈಯುತ್ತೀರಿ ಎಂದು ಕೇಳಿದ್ದಕ್ಕೆ, "ಮಷೀನಿಗೆ ಸಾಹೇಬ್ ಅಂದ್ರ ಅದು ಸರ್ಕಾರಿ ಆಫೀಸರ್ ಆಗತೈತಿ, ತಮ್ಮಾ. ಬೈದ್ರ ಕೆಲಸ ಮಾಡತೈತಿ" ಅಂದರು.

ಯಂತ್ರದ ಜೊತೆಗೆ ಬಂದ ಕೈಪಿಡಿಗಳು ಹನ್ನೊಂದು ಸಂಪುಟ. ಸಾಹೇಬರು ಅವುಗಳಲ್ಲಿ ಮೂರನ್ನು ಬಳಸುತ್ತಿದ್ದರು. ಒಂದು ಬಾಗಿಲು ಮುಚ್ಚಿಕೊಳ್ಳದಂತೆ ತಡೆಯಲು, ಒಂದು ಏಸಿಯಿಂದ ನೀರು ತೊಟ್ಟಿಕ್ಕುವ ಬಕೆಟ್ಟನ್ನು ಎತ್ತರಿಸಲು, ಒಂದು ಮಧ್ಯಾಹ್ನ ತಲೆಯಡಿಗೆ. ಮಿಕ್ಕ ಎಂಟನ್ನು ನಾನು ಓದಿದೆ.

೧೯೯೦ರ ಜೂನ್ ಕೊನೆಗೆ ಯಂತ್ರ ನಿಧಾನವಾಗತೊಡಗಿತು. ಬೆಳಿಗ್ಗೆ ಹನ್ನೊಂದಕ್ಕೆ ಆರ್ಡರುಗಳು ಮುಗಿಬಿದ್ದಾಗ ಎಂಟರ್ ಒತ್ತಿದರೆ ಪರದೆ ಬದಲಾಗಲು ಮೂರು ನಾಲ್ಕು ಸೆಕೆಂಡು. ಮ್ಯಾನೇಜರ್ ಪಾರೇಖ್ ಸಾಹೇಬರು ನನ್ನನ್ನು ಕರೆದು, ಮೆಮೊರಿಯನ್ನು ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ಲೆಕ್ಕ ಕೊಡಲು ಹೇಳಿದರು. ಲೆಕ್ಕ ಎಂಬ ಮಾತು ಕೇಳಿದರೆ ನನಗೆ ಜಾತ್ರೆಗೆ ಕರೆದ ಹಾಗೆ. ಬಾಗವಾನ ಸಾಹೇಬರ ತಲೆದಿಂಬನ್ನೂ ಬಿಡಿಸಿಕೊಂಡು ಹನ್ನೊಂದೂ ಸಂಪುಟ ಜಾಲಾಡಿದೆ. ಮೆಮೊರಿ ನೋಡುವ ಸಾಧನಗಳು ಅಂತ ಒಂದು ಅಧ್ಯಾಯ ಎಲ್ಲಿಯೂ ಇರಲಿಲ್ಲ. ಒಂದು ಕಡೆ ಒಂದು ತುಂಡು, ಇನ್ನೊಂದು ಕಡೆ ಇನ್ನೊಂದು. ಪಿಎಸ್ ಅನ್ನುವ ಕಮಾಂಡು ಯಾರ ಯಾವ ಪ್ರೋಗ್ರಾಂ ನಡೆಯುತ್ತಿದೆ, ಅದರ ಗಾತ್ರ ಎಷ್ಟು ಎಂದು ಹೇಳುತ್ತಿತ್ತು. ಸಾರ್ ಅನ್ನುವುದು ಎಷ್ಟು ಖಾಲಿ ಉಳಿದಿದೆ ಎಂದು ಹೇಳುತ್ತಿತ್ತು. ಇದು ಸಿಕ್ಕಿತು ಎಂದು ಸಂಭ್ರಮದಿಂದ ತೋರಿಸಿದರೆ ಸಾಹೇಬರು, "ನಿಮ್ಮ ಮೈಸೂರು ಮಂದಿಗೆ ಕಂಪ್ಯೂಟರ್‌ದಾಗೂ ಸಾರು ಬೇಕು" ಅಂದು ಚಹಾ ಕುಡಿಯಲು ಹೋದರು.

ಒಮ್ಮೆ ನೋಡಿದರೆ ಸಾಲದು, ನಿಮಿಷಕ್ಕೊಮ್ಮೆ ನೋಡಬೇಕು ಅನ್ನಿಸಿತು. ಜುಲೈ ಒಂಬತ್ತು, ಸೋಮವಾರ, ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ನಿಮಿಷಕ್ಕೊಮ್ಮೆ ಪಿಎಸ್ ಓಡಿಸಿ, ಬಂದ ಸಾಲುಗಳನ್ನು ಒಂದು ಫೈಲಿಗೆ ಸೇರಿಸಿ, ಆ ಇಡೀ ಫೈಲನ್ನು ಗಾತ್ರದ ಪ್ರಕಾರ ಮತ್ತೆ ಜೋಡಿಸುತ್ತಿತ್ತು. ದಿನಾ ಬೆಳಿಗ್ಗೆ ಬಂದೊಡನೆ, ದೀಪ ಹಚ್ಚಿದ ಹಾಗೆ, ಅದನ್ನು ಶುರುಮಾಡುತ್ತಿದ್ದೆ. ವರದಿ ಚೊಕ್ಕವಾಗಿರಲಿ ಎಂದು ನನ್ನ ಹೆಸರಿನ ಸಾಲುಗಳನ್ನು ಬಿಟ್ಟುಬಿಡುವಂತೆಯೂ ಅದರಲ್ಲಿ ಬರೆದಿದ್ದೆ. ಕಾವಲುಗಾರನ ಹೆಸರು ಕಳ್ಳರ ಪಟ್ಟಿಯಲ್ಲಿ ಯಾಕೆ?

ಹದಿನೆಂಟನೆಯ ತಾರೀಖು ಪಾರೇಖ್ ಸಾಹೇಬರ ಮೇಜಿನ ಮೇಲೆ ಆರು ಪುಟಗಳ ವರದಿ ಇಟ್ಟೆ. ಹನ್ನೆರಡು ಟರ್ಮಿನಲ್ಲುಗಳ ಗಾತ್ರ ಕೂಡಿದರೆ ಹನ್ನೊಂದು ಮೆಗಾಬೈಟು. ಇರುವುದು ಎಂಟು. ಕೆಳಗೆ ಸ್ಕೇಲಿನಿಂದ ಎರಡು ಗೆರೆ ಎಳೆದಿದ್ದೆ. ಪಾರೇಖ್ ಸಾಹೇಬರು ಆ ಗೆರೆಗಳನ್ನೇ ನೋಡಿದರು. ಹೆಚ್ಚಾಗಿರುವುದು ಮೂರು, ಅಂದರೆ ನಾಲ್ಕು ಟರ್ಮಿನಲ್ ತೆಗೆದರೆ ಸರಿಹೋಗುತ್ತದೆ ಎಂದು ಅಲ್ಲೇ ತೀರ್ಮಾನಿಸಿದರು. ಕೊನೆಯ ನಾಲ್ಕು ಟರ್ಮಿನಲ್ಲುಗಳ ಹೆಂಗಸರು ಖಾಯಂ ಆದವರಲ್ಲ. ಮಾಲೀಕರಿಗೆ ಫೋನಿನಲ್ಲಿ ಹೇಳಿಯೂ ಆಯಿತು. ಇಪ್ಪತ್ತೆಂಟನೆಯ ತಾರೀಖು ಶನಿವಾರ ಆ ನಾಲ್ವರಿಗೆ ತಿಳಿಸುವುದು, ಸೋಮವಾರದಿಂದ ಅವರು ಬರುವ ಹಾಗಿಲ್ಲ.

ನಾನು ಮೆಮೊರಿಯನ್ನು ಎಣಿಸಿದ್ದೆ. ಅದು ಹೆಂಗಸರ ಎಣಿಕೆಯಾಗಿ ಹೊರಬಂತು.

ಮರುದಿನ ಬಾಗವಾನ ಸಾಹೇಬರು ವರದಿಯ ಕಾರ್ಬನ್ ಪ್ರತಿ ಓದಿದರು. ಎರಡನೆಯ ಪುಟಕ್ಕೆ ನಗಲು ಶುರುಮಾಡಿದರು. ಆರನೆಯ ಪುಟಕ್ಕೆ ಕಣ್ಣು ಒರೆಸಿಕೊಂಡರು. ಎಂಟು ಹಿಡಿಯುವ ಕೊಡದಲ್ಲಿ ಹನ್ನೊಂದು ಹೇಗೆ ಹಿಡಿಯಿತು ಎಂದು ಕೇಳಿದರು. ಆಮೇಲೆ ಅವರೇ ಬಿಡಿಸಿ ಹೇಳಿದರು.

"ವಿರಾರ್ ಲೋಕಲ್ ಗಾಡ್ಯಾಗ ಒಬ್ಬಾಂವ ಕಿಡಕಿಯಿಂದ ನಾಕು ರುಮಾಲ ಒಗದ. ನಾಕು ಸೀಟು ಅವನ್ವು. ಕುಂತಾಂವ ಒಬ್ಬನ. ನಿನ್ನ ಪಿಎಸ್ಸು ರುಮಾಲ ಎಣಸತೈತಿ, ಮಂದೀನ ಎಣಸಂಗಿಲ್ಲ. ಇನ್ನ ಅದ ಡಬ್ಬಿದಾಗ ಹನ್ನೆರಡು ಮಂದಿ ಕೂಡಿ ಒಂದು ಭಜನಿ ಹಾಡಾಕತ್ತಾರ. ನೀ ಹನ್ನೆರಡು ಭಜನಿ ಅಂತ ಬರದಿ."

ಅರ್ಥವಾಗಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಪಿಎಸ್ ಹೇಳುತ್ತಿದ್ದುದು ಪ್ರೋಗ್ರಾಂ ಕಾದಿರಿಸಿಕೊಂಡ ಜಾಗ, ಅದು ನಿಜವಾಗಿ ಕೂತ ಜಾಗವಲ್ಲ. ಹನ್ನೆರಡು ಮಂದಿಯೂ ನಡೆಸುತ್ತಿದ್ದುದು ಒಂದೇ ಆರ್ಡರ್ ಪ್ರೋಗ್ರಾಂ. ಯಂತ್ರ ಅದರ ಒಂದೇ ಪ್ರತಿಯನ್ನು ಮೆಮೊರಿಯಲ್ಲಿಟ್ಟು ಹನ್ನೆರಡು ಮಂದಿಗೂ ಹಂಚುತ್ತಿತ್ತು. ನಾನು ಅದನ್ನು ಹನ್ನೆರಡು ಸಲ ಕೂಡಿದ್ದೆ. ಎಂಟನೆಯ ಸಂಪುಟದ ಅಡಿಟಿಪ್ಪಣಿಯಲ್ಲಿ ಇದೇ ಮಾತು ಇತ್ತು. ಬಾಗವಾನ ಸಾಹೇಬರು ಆ ಸಂಪುಟದ ಮೇಲೆ ಬಕೆಟ್ ಇಡುತ್ತಿದ್ದರೇ ಹೊರತು ಓದಿರಲಿಲ್ಲ.

ಆದರೆ ನಾನು ಸೋಲಲು ಸಿದ್ಧನಿರಲಿಲ್ಲ. ಕೂಡಿದ್ದು ತಪ್ಪಾಗಿರಬಹುದು, ಯಂತ್ರ ನಿಧಾನವಾಗಿರುವುದು ಸುಳ್ಳೇ? ಎಂಟರ್ ಒತ್ತಿ ಪರದೆ ಬದಲಾಗುವ ತನಕದ ಸೆಕೆಂಡುಗಳನ್ನು ನಾನು ದಿನಾ ಹನ್ನೊಂದು ಗಂಟೆಗೆ ಗಡಿಯಾರ ಹಿಡಿದು ಬರೆದಿದ್ದೆ. ಡೈರಿಯನ್ನೇ ಅವರ ಮುಂದೆ ಹಿಡಿದೆ. ಸಾಹೇಬರು ಅಂಗೈ ಡಿಸ್ಕಿನ ಮೇಲಿಟ್ಟು ಬಹಳ ಹೊತ್ತು ನಿಂತರು. ಮುಂದಿನ ದಿನಗಳಲ್ಲಿ ಬೈಗುಳ ಕಡಿಮೆಯಾಯಿತು, ಅಂಗೈ ಇಡುವುದು ಹೆಚ್ಚಾಯಿತು. ಮೆಮೊರಿ ಸಾಲದಾದಾಗ ಯಂತ್ರ ಕೆಲವನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ವಾಪಸು ತರುತ್ತದೆ. ಆ ಹೊರುವ-ಇಳಿಸುವ ಗದ್ದಲವೇ ಅವರು ಹೇಳುತ್ತಿದ್ದ ವಾಂತಿ. ಈಗ ಅದು ಬೆಳಿಗ್ಗೆ ಒಂಬತ್ತೂವರೆಗೇ ಶುರುವಾಗುತ್ತಿತ್ತು.

ಇಪ್ಪತ್ತಾರು, ಗುರುವಾರ, ಮಧ್ಯಾಹ್ನ ಒಂದೂಕಾಲು. ಹೆಂಗಸರೆಲ್ಲ ಟರ್ಮಿನಲ್ ಆರಿಸಿ ಊಟಕ್ಕೆ ಹೋಗಿದ್ದರು. ನಾನು ಡಬ್ಬಿ ಬಿಚ್ಚುತ್ತಿದ್ದೆ. ಸಾಹೇಬರು ಡಿಸ್ಕಿನ ಪಕ್ಕದಿಂದ ಕರೆದರು. ಅಂಗೈ ಇಟ್ಟು ನೋಡು ಅಂದರು. ಇಟ್ಟೆ. ಪೆಟ್ಟಿಗೆ ಗಡಗಡ ಅನ್ನುತ್ತಿತ್ತು.

"ಮಂದಿ ಉಣ್ಣಾಕ ಹೋದ್ರು. ಹಂಗಾರ ಇದು ಯಾರ ಹೊಟ್ಟಿ?"

ಅವರು ನನ್ನ ಡೈರಿ ಕೇಳಿ ತೆಗೆದುಕೊಂಡರು. ಸೆಕೆಂಡುಗಳ ಪಟ್ಟಿಯ ಮೇಲೆ ಬೆರಳು ಆಡಿಸಿದರು. ಒಂಬತ್ತನೆಯ ತಾರೀಖು ನಾಲ್ಕು. ಹದಿಮೂರಕ್ಕೆ ಏಳು. ಹದಿನೆಂಟಕ್ಕೆ ಹನ್ನೊಂದು. ಇಪ್ಪತ್ತೈದಕ್ಕೆ ಇಪ್ಪತ್ತಾರು.

"ಒಂಬತ್ತನೇ ತಾರೀಖಿಗೆ ಏನ್ ಹೊಸಾದ್ ಬಂತು?"

"ಹೊಸದೇನೂ ಬಂದಿಲ್ಲ ಸಾಹೇಬ್ರೆ. ಅವತ್ತು ನಾನು ಎಣಿಸೋದಕ್ಕೆ ಶುರುಮಾಡಿದೆ, ಅಷ್ಟೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೂ ಕೇಳಿಸಿತು. ಸಾಹೇಬರು ನನ್ನತ್ತ ನೋಡಲಿಲ್ಲ. ಕನ್ಸೋಲಿನ ಮುಂದೆ ಕೂತು, ನನ್ನ ಚೊಕ್ಕ ಪ್ರೋಗ್ರಾಂ ಬಿಟ್ಟು, ಬರೀ ಪಿಎಸ್ ಎಂದು ಎರಡು ಬೆರಳಲ್ಲಿ ಕುಟ್ಟಿದರು. ಪರದೆಯ ಮೇಲೆ ನನ್ನ ಹೆಸರು ಸಾಲುಗಟ್ಟಿ ಇಳಿದು ಬಂತು. ನಾನು ದಿನಾ ಬೆಳಿಗ್ಗೆ ಆ ಪ್ರೋಗ್ರಾಂ ಶುರುಮಾಡುತ್ತಿದ್ದೆ, ಒಂದು ದಿನವೂ ನಿಲ್ಲಿಸಿರಲಿಲ್ಲ. ಮನೆಗೆ ಹೋದರೂ ಅದು ನಡೆಯುತ್ತಿರಲಿ ಎಂಬ ಏರ್ಪಾಟು ಬೇರೆ. ಯಂತ್ರವನ್ನು ರಾತ್ರಿಯಾಗಲಿ ಭಾನುವಾರವಾಗಲಿ ಆರಿಸುವ ಪದ್ಧತಿ ಇರಲಿಲ್ಲ. ಹದಿನಾರು ಕೆಲಸದ ದಿನಗಳು, ಹದಿನಾರು ಕಾವಲುಗಾರರು. ಹದಿನಾರೂ ನಿಮಿಷಕ್ಕೊಮ್ಮೆ ಆ ಬೆಳೆಯುತ್ತಿದ್ದ ಫೈಲನ್ನು ಪೂರ್ತಿಯಾಗಿ ಮೆಮೊರಿಗೆ ಎಳೆದು ಜೋಡಿಸುತ್ತಿದ್ದವು. ನನ್ನ ಹೆಸರನ್ನು ನಾನೇ ಅಳಿಸುತ್ತಿದ್ದುದರಿಂದ ಆರು ಪುಟಗಳ ವರದಿಯಲ್ಲಿ ಅವುಗಳ ಸುಳಿವೇ ಇರಲಿಲ್ಲ.

"ಮದುವಿ ಮನ್ಯಾಗ ತಾಟು ಎಣಸಾಂವ ತನ್ನ ತಾಟು ಎಣಸಂಗಿಲ್ಲ" ಅಂದರು ಸಾಹೇಬರು. "ಆದ್ರ ಹದಿನಾರು ಸಲ ಉಂಡಾಂವನ್ನ ಇವತ್ತ ನೋಡಿದೆ."

ಒಂದೊಂದಾಗಿ ಹದಿನಾರನ್ನೂ ನಿಲ್ಲಿಸಿದೆವು. ಹತ್ತನೆಯದಕ್ಕೆ ಡಿಸ್ಕಿನ ಗದ್ದಲ ಅರ್ಧಕ್ಕಿಳಿಯಿತು. ಹದಿನಾರನೆಯದಕ್ಕೆ ಕೋಣೆಯಲ್ಲಿ ಬಕೆಟ್ಟಿಗೆ ನೀರು ತೊಟ್ಟಿಕ್ಕುವುದು ಕೇಳಿಸಿತು. ಎರಡು ಗಂಟೆಗೆ ಹೆಂಗಸರು ಬಂದು ಕೂತರು. ಎರಡು ಸೆಕೆಂಡಿಗೆ ಪರದೆ ಬದಲಾಯಿತು. ಹೊರಗಿನಿಂದ ಯಾರೋ ಚಪ್ಪಾಳೆ ತಟ್ಟಿದರು.

ನಾನು ಸಾಹೇಬರ ಹತ್ತಿರ ಕುರ್ಚಿ ಎಳೆದುಕೊಂಡು, ಯಂತ್ರ ತಾನಾಗಿ ಸರಿಹೋಯಿತು ಎಂದರೆ ಸಾಲದೇ ಎಂದು ಕೇಳಿದೆ. ಪ್ರೊಬೇಷನ್ ಮುಗಿಯಲು ನನಗೆ ಎರಡು ತಿಂಗಳಿತ್ತು. ಸಾಲದು ಅಂದರು. ತಾನಾಗಿ ಸರಿಹೋದದ್ದು ತಾನಾಗಿ ಕೆಡುತ್ತದೆ ಎಂದು ಪಾರೇಖನಿಗೂ ಗೊತ್ತು, ಅವನು ಹೇಳಿದ ಮಾತು ಹಿಂತೆಗೆಯಲು ಕಾರಣ ಕೇಳುತ್ತಾನೆ. ಕಾರಣ ಇರುವುದು ಒಂದೇ. ಹಾಗಾದರೆ ನೀವು ಹೇಳುತ್ತೀರಾ ಎಂದೆ.

"ನಾ ಯಾಕ ಹೇಳಲಿ? ಲೆಕ್ಕಾ ನಿಂದು. ಹೇಳಲಿಲ್ಲಂದ್ರ ನಾಕು ಮಂದಿ ಸೋಮವಾರ ಬರಂಗಿಲ್ಲ. ಹೇಳಿದ್ರ ಒಬ್ಬಾಂವ ಬರ್ತಾನೋ ಇಲ್ಲೋ ಗೊತ್ತಿಲ್ಲ. ನಾಕು ದೊಡ್ಡದೋ ಒಂದು ದೊಡ್ಡದೋ, ನಿಮ್ಮ ಶಾಣ್ಯಾ ಪುಸ್ತಕದಾಗ ನೋಡ್ಕೋ."

ಆ ದಿನದ ಡೈರಿ ಪುಟ ಖಾಲಿ ಇದೆ. ಎರಡು ವರ್ಷಗಳಲ್ಲಿ ಖಾಲಿ ಉಳಿದ ಪುಟ ಅದೊಂದೇ.

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಸುನಂದಕ್ಕ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದರು. ಉಡುಪಿ ಕಡೆಯವರು, ಸಾಂತಾಕ್ರೂಜಿನ ಚಾಳಿನಲ್ಲಿ ಮನೆ, ಹನ್ನೆರಡನೆಯ ಟರ್ಮಿನಲ್ಲು ಅವರದು. ಗಂಡನ ಮಿಲ್ಲು ಮುಚ್ಚಿದ ಮೇಲೆ ಮನೆ ನಡೆಯುತ್ತಿದ್ದುದು ಇವರೊಬ್ಬರಿಂದ. ಚಪ್ಪಲಿ ಬಿಡಬೇಕಾಗುತ್ತದೆ ಎಂದು ಒಳಗೆ ಬರಲಿಲ್ಲ.

"ಮಿಷನ್ ನಿಧಾನ ಆದದ್ದು ನಮ್ಮಿಂದ ಅಂತೆ, ಹೌದಾ? ನಾವು ಎಂತ ಮಾಡಿದ್ದು ಅಂತ ಹೇಳಿ. ತಪ್ಪಿದ್ದರೆ ತಿದ್ದಿಕೊಳ್ಳುವ."

ನಾನು ಏನು ಉತ್ತರ ಕೊಟ್ಟೆ ಎಂದು ನೆನಪಿಲ್ಲ, ಬರೆದೂ ಇಲ್ಲ. ಸಾಹೇಬರು ಜುಮ್ಮಾ ನಮಾಜಿಗೆ ಹೊರಡಲು ಟೋಪಿ ಹುಡುಕುತ್ತಿದ್ದರು. ನನ್ನನ್ನು ನೋಡಿಯೂ ನೋಡದವರಂತೆ ಹೊರಟುಹೋದರು. ಒಂದೂವರೆಗೆ ಪಾರೇಖ್ ಸಾಹೇಬರ ಕ್ಯಾಬಿನ್ನಿಗೆ ಹೋದೆ.

ಹೇಳಿ ಮುಗಿಸಲು ಆರು ನಿಮಿಷ. ಪಾರೇಖ್ ಸಾಹೇಬರು ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಪೆನ್ನಿನ ಕ್ಯಾಪು ಹಾಕಿ ತೆಗೆದು ಹಾಕಿ ತೆಗೆದು ಮಾಡಿದರು. ಮಾಲೀಕರಿಗೆ ಹೇಳಿ ಆಗಿದೆ, ಈಗ ಯಾವ ಬಾಯಿಂದ ಇಲ್ಲ ಅನ್ನುವುದು ಎಂದು ಹಿಂದಿಯಲ್ಲಿ ಮೂರು ಸಲ ಕೇಳಿದರು. ಅಂದರೆ ನಾನು ಹೇಳಿದ್ದೂ ಹೋಯಿತು, ನಾಲ್ಕು ಕುರ್ಚಿಯೂ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಬಾಗಿಲು ತಟ್ಟದೆ ಬಾಗವಾನ ಸಾಹೇಬರು ಒಳಗೆ ಬಂದರು. ಟೋಪಿ ಇನ್ನೂ ತಲೆಯ ಮೇಲಿತ್ತು. ಆ ಟೋಪಿಯ ಕೆಳಗಿನ ಮುಖದಲ್ಲಿ ಎಂದೂ ಕಾಣದ ಭಕ್ತಿ ಇತ್ತು. ಪಾರೇಖ್ ಸಾಹೇಬರಿಗೆ ಬಾಗಿ ಸಲಾಂ ಮಾಡಿ ಮುಬಾರಕ್ ಅಂದರು. ಯಾತಕ್ಕೆ ಎಂದು ಅವರು ಕೇಳಿದ್ದಕ್ಕೆ ವಿವರಿಸಿದರು. ಮೆಮೊರಿ ಎಣಿಸಿ ಎಂದು ಆಜ್ಞೆ ಮಾಡಿದವರು ಯಾರು? ತಾವು. ಎಣಿಸದಿದ್ದರೆ ಕಳ್ಳ ಸಿಗುತ್ತಿದ್ದನೇ? ಇಲ್ಲ. ಹೊಸ ಮೆಮೊರಿ ತರಿಸದೆ, ಒಬ್ಬರನ್ನೂ ಕಳಿಸದೆ, ಇಪ್ಪತ್ತಾರು ಸೆಕೆಂಡನ್ನು ಎರಡಕ್ಕೆ ಇಳಿಸಿದ ಮ್ಯಾನೇಜರು ಅಂಧೇರಿಯಿಂದ ಬೋರಿವಲಿಯ ತನಕ ಇನ್ನೊಬ್ಬ ಇದ್ದರೆ ತೋರಿಸಿ. ಮಾಲೀಕರಿಗೆ ತಾವೇ ಈ ಸುದ್ದಿ ಕೊಡಬೇಕು, ಬೇರೆಯವರ ಬಾಯಿಂದ ಹೋಗಬಾರದು.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಆಮೇಲೆ ಒಂದೊಂದನ್ನೂ ಪರೀಕ್ಷಿಸಿ ನೋಡಿದೆ, ಅಂಧೇರಿ-ಬೋರಿವಲಿ ಹೊರತಾಗಿ. ಪಾರೇಖ್ ಸಾಹೇಬರು ಪೆನ್ನಿನ ಕ್ಯಾಪು ಹಾಕಿ ಕಿಸೆಗೆ ಸಿಕ್ಕಿಸಿದರು, ಫೋನು ಎತ್ತಿದರು. ಹೊರಗೆ ಬಂದ ಮೇಲೆ ಸಾಹೇಬರು ಟೋಪಿ ಮಡಚುತ್ತ, "ಮಷೀನಿಗೆ ಬೈಯಬೇಕು, ಮ್ಯಾನೇಜರಗ ಹೊಗಳಬೇಕು. ಯಾವುದಕ್ಕ ಯಾವುದು ಅಂತ ಅದಲಾಬದಲಿ ಆತೋ, ಸತ್ತಿ" ಅಂದರು. ಶನಿವಾರ ಯಾರಿಗೂ ಏನೂ ತಿಳಿಸಲಿಲ್ಲ. ಸೋಮವಾರ ಹನ್ನೆರಡು ಮಂದಿ ಬಂದರು, ಬಾಗಿಲಲ್ಲಿ ನಿಂತು ಎಣಿಸಿದೆ. ನನ್ನ ಪ್ರೊಬೇಷನ್ನು ಆರು ತಿಂಗಳು ಮುಂದಕ್ಕೆ ಹೋಯಿತು. ಕಡಿಮೆಯೇ ಅನ್ನಿಸಿತು.

ಆದರೆ ಹೊಗಳಿಕೆಗೂ ಕಾಲು ಇರುತ್ತದೆ, ಅದು ಎಲ್ಲಿಗೋ ನಡೆದುಕೊಂಡು ಹೋಗುತ್ತದೆ. ಪಾರೇಖ್ ಸಾಹೇಬರ ಸಾಧನೆ ಮಾಲೀಕರ ಮನಸ್ಸಿನಲ್ಲಿ ಎರಡು ತಿಂಗಳು ಓಡಾಡಿ ಒಂದು ಪ್ರಶ್ನೆಯಾಗಿ ವಾಪಸು ಬಂತು. ಯಂತ್ರ ಅಷ್ಟು ಸುಸೂತ್ರವಾಗಿ ನಡೆಯುತ್ತಿದ್ದರೆ ಆ ಕೋಣೆಗೆ ಇಬ್ಬರು ಯಾಕೆ?

ಅಕ್ಟೋಬರಿನ ಮೊದಲ ವಾರ ಪಾರೇಖ್ ಸಾಹೇಬರು ಇಬ್ಬರನ್ನೂ ಕರೆದರು. ಒಬ್ಬರು ಸಾಕು ಎಂದು ಮೇಲಿನಿಂದ ಬಂದಿದೆ ಅಂದರು. ಯಾರು ಎಂಬುದನ್ನು ಅವರು ಹೇಳಬೇಕಾಗಿರಲಿಲ್ಲ. ಒಬ್ಬರು ಖಾಯಂ, ಇನ್ನೊಬ್ಬ ಪ್ರೊಬೇಷನ್ನಿನಲ್ಲಿದ್ದವನು, ಅದೂ ಯಂತ್ರವನ್ನು ಹದಿನಾರು ಸಲ ಉಸಿರು ಕಟ್ಟಿಸಿದವನು. ನಾನು ಷರಟಿನ ಕೈ ಕೆಳಗಿಳಿಸಿ ಗುಂಡಿ ಹಾಕಿಕೊಂಡೆ, ಯಾಕೋ ಗೊತ್ತಿಲ್ಲ.

ಬಾಗವಾನ ಸಾಹೇಬರು ನನಗಿಂತ ಮೊದಲು ಬಾಯಿ ತೆರೆದರು. ತಮಗೆ ಏಸಿಯ ಚಳಿಗೆ ಮೊಣಕಾಲು ಹಿಡಿದುಬಿಟ್ಟಿದೆ, ಬಹಳ ದಿನಗಳಿಂದ ಹೇಳಬೇಕೆಂದಿತ್ತು, ಡಾಕ್ಟರು ಈ ಕೋಣೆ ಬಿಡು ಅಂದಿದ್ದಾರೆ, ಬೈಕುಲ್ಲಾದಲ್ಲಿ ಅಣ್ಣಂದಿರೂ ಕರೆಯುತ್ತಿದ್ದಾರೆ ಎಂದರು. ಎದ್ದು ನಿಲ್ಲುವಾಗ ಮೊಣಕಾಲು ಹಿಡಿದುಕೊಂಡರು. ಬಲಗಾಲು. ಬಾಗಿಲು ದಾಟುವಾಗ ಕುಂಟಿದರು. ಎಡಗಾಲು.

ಆ ಸಂಜೆ ಮನೆಗೆ ಬಂದು ಡೈರಿಗಳನ್ನು ಮೊದಲಿನಿಂದ ಓದಿದೆ. ಹದಿನಾರು ತಿಂಗಳು. ಅವರ ಹಲ್ಲುನೋವು ಮೂರು ಸಲ ಇದೆ. ಅಣ್ಣಂದಿರ ಮೇಲಿನ ಸಿಟ್ಟು ಒಂಬತ್ತು ಸಲ. ಲಿಫ್ಟು ಕೆಟ್ಟು ನಾವಿಬ್ಬರೂ ಮೂರು ಮಹಡಿ ಹತ್ತಿದ್ದು ಇಪ್ಪತ್ತೆಂಟು ಸಲ, ಅದರಲ್ಲಿ ಹತ್ತೊಂಬತ್ತು ಸಲ ಅವರು ನನಗಿಂತ ಮುಂದೆ. ಮೊಣಕಾಲು ಎಂಬ ಮಾತು ಒಂದು ಪುಟದಲ್ಲೂ ಇಲ್ಲ.

ಮರುದಿನ ಇದನ್ನು ಅವರ ಮುಂದೆ ಇಡಬೇಕೆಂದು ಹೋದೆ. ಅವರು ಟೇಪುಗಳ ಕಪಾಟನ್ನು ನನಗೆ ಒಪ್ಪಿಸುತ್ತ, ಯಾವ ಟೇಪು ನಂಬಬೇಕು, ಯಾವುದು ಹರಾಮ್‌ಖೋರ್ ಎಂದು ಬಿಡುವಿಲ್ಲದೆ ಹೇಳುತ್ತ ಹೋದರು. ನಡುವೆ ನನ್ನ ಮಾತಿಗೆ ಒಂದು ಸೂಜಿಯಷ್ಟೂ ಜಾಗ ಬಿಡಲಿಲ್ಲ. ತಿಂಗಳ ಕೊನೆಯ ದಿನ ಹನ್ನೆರಡು ಹೆಂಗಸರೂ ಕೂಡಿ ಅವರಿಗೆ ಒಂದು ಕೈಗಡಿಯಾರ ಕೊಟ್ಟರು. ಸುನಂದಕ್ಕ ಅಳುತ್ತಿದ್ದರು. ಅವರಿಗೆ ಗೊತ್ತಿದ್ದುದು ಒಬ್ಬ ಒಳ್ಳೆಯ ಮನುಷ್ಯ ಹೋಗುತ್ತಿದ್ದಾರೆ ಎಂಬುದಷ್ಟೆ. ತಮ್ಮ ಕುರ್ಚಿಗೂ ಆ ಹೋಗುವಿಕೆಗೂ ಇರುವ ಸಂಬಂಧವನ್ನು ಹೇಳಬಾರದೆಂದು ಸಾಹೇಬರು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಮುಂದಿನ ಮೇ ತಿಂಗಳಲ್ಲಿ ಒಂದು ಭಾನುವಾರ ಬೈಕುಲ್ಲಾಕ್ಕೆ ಹೋದೆ. ನನ್ನ ನೌಕರಿ ಖಾಯಂ ಆಗಿತ್ತು, ಅದನ್ನು ಹೇಳಬೇಕಿತ್ತು. ಇನ್ನೊಂದು ಮಾತನ್ನು ಕೇಳಬೇಕೂ ಇತ್ತು, ಲೋಕಲ್ಲಿನಲ್ಲಿ ದಾರಿಯುದ್ದಕ್ಕೂ ಅದನ್ನು ಜೋಡಿಸಿಕೊಂಡಿದ್ದೆ. ಹಣ್ಣಿನ ಮಂಡಿಯ ಒಳಗೆ ಮಾವಿನ ಪೆಟ್ಟಿಗೆಗಳು ಛಾವಣಿಯ ತನಕ ಏರಿದ್ದವು. ಯಾರೋ ಅದರ ತುದಿಯಲ್ಲಿ ಕೂತು ಕೆಳಗಿನ ಹಮಾಲನಿಗೆ ಬೈಯುತ್ತಿದ್ದರು. ದನಿ ಕೇಳಿದೊಡನೆ ಗೊತ್ತಾಯಿತು.

ನನ್ನನ್ನು ಕಂಡು ಸಾಹೇಬರು ಒಂದು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು, ಆ ರಾಶಿಯ ಮೇಲಿನಿಂದ ಮೆಟ್ಟಿಲಿಳಿದಂತೆ ಇಳಿದು, ಕೊನೆಯ ಮೂರಡಿ ಹಾರಿ ನನ್ನ ಮುಂದೆ ನಿಂತರು. ಜೋಡಿಸಿಕೊಂಡಿದ್ದ ಮಾತಿಗಿಂತ ಮೊದಲು ನನ್ನ ಕಣ್ಣು ಅವರ ಮೊಣಕಾಲಿನ ಮೇಲೆ ನಿಂತಿತ್ತು. ಅವರೂ ಅದನ್ನು ನೋಡಿದರು. ಪೆಟ್ಟಿಗೆಯನ್ನು ನನ್ನ ಕೈಗೆ ದೂಡಿದರು.

"ಬೈಕುಲ್ಲಾದ ಹವಾ ಮೊಣಕಾಲಿಗೆ ಭಾಳ ಚಲೋ ಐತಿ" ಅಂದರು. "ಬರ್ಕೋ."